ಶೇಂಗಾ ಚೀಲದ ಲೆಕ್ಕ

ಸಿಂಗಪುರ,
ಭಾನುವಾರ

ದೊಡ್ಡಪ್ಪನಿಗೆ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ದೊಡ್ಡಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿಯ ತಳಕ್ಕೆ ಬಂದಿದೆ, ಹೇಳಿಬಿಡಿ.

ಚಳ್ಳಕೆರೆ ಮಂಡಿಗೆ ಶೇಂಗಾ ಚೀಲ ಹೇರುವಾಗ ಮುತ್ತಜ್ಜ 'ಇಚಿ, ನೀ, ಸಾನ್, ಶೀ' ಅಂತ ಎಣಿಸುತ್ತಿದ್ದ ಅಂತಿದ್ದಿರಲ್ಲ? ಕಣ್ಣಾಮುಚ್ಚಾಲೆಯಲ್ಲಿ ನಾವೂ ಹಾಗೇ ಎಣಿಸುತ್ತಿದ್ದೆವು, ಸುಮ್ನೆ ಮುದುಕನ ಹುಡುಗಾಟ ಅಂದುಕೊಂಡು. ಹೋದ ವಾರ ನಮ್ಮ ಆಫೀಸಿನ ಜಪಾನಿ ಹುಡುಗಿ ಊಟದ ಪೊಟ್ಟಣ ಎಣಿಸಿದಳು. ಅದೇ ಲೆಕ್ಕ, ಅದೇ ರಾಗ!

ಮುತ್ತಜ್ಜ ಬೆಂಗಳೂರಲ್ಲಿ ಬ್ಯಾರಕ್ ಕಾಯ್ಕೊಂಡಿದ್ದ, ಯುದ್ಧ ಎಲ್ಲಿ ನೋಡಿದ ಅನ್ನುವ ಊರವರ ಮಾತನ್ನು ಇನ್ನು ನಾನು ನಂಬಲ್ಲ. ಮೈಸೂರು ಸಂಸ್ಥಾನದ ಕಾಲ್ದಳ ಆಗ ಇಲ್ಲೇ ಇತ್ತು. 1942ರ ಫೆಬ್ರವರಿ 15ಕ್ಕೆ ಬ್ರಿಟಿಷರು ಶರಣಾದರು. ಎರಡು ದಿನ ಬಿಟ್ಟು ನಮ್ಮ ಸಿಪಾಯಿಗಳನ್ನು, ಸುಮಾರು 40,000 ಜನರನ್ನು, ಫ್ಯಾರರ್ ಪಾರ್ಕ್ ಮೈದಾನದಲ್ಲಿ ಕೂರಿಸಿ ಜಪಾನಿನವರ ಕೈಗೆ ಒಪ್ಪಿಸಿದರು. ನಾನು ತೊಗರಿಬೇಳೆ ತರುವ ಅಂಗಡಿಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಸೆರೆಯಾದವರು ಹಾಜರಿಗೆ ಸಾಲಾಗಿ ನಿಂತು ಜಪಾನಿಯಲ್ಲೇ ಎಣಿಸಬೇಕಿತ್ತಂತೆ, ತಪ್ಪಿದರೆ ಏಟು. ಆಮೇಲೆ ಆಜಾದ್ ಹಿಂದ್ ಫೌಜಿಗೆ ಸೇರಿದವರೂ ಬಹಳ ಜನ. ಮುತ್ತಜ್ಜ ಹತ್ತರ ಮೇಲೂ ಎಣಿಸುತ್ತಿದ್ದನಾ?

ಕ್ರಾಂಜಿ ಸ್ಮಾರಕಕ್ಕೂ ಹೋಗಿದ್ದೆ. ಗೋಡೆಗಳ ಮೇಲೆ 24,000ಕ್ಕೂ ಜಾಸ್ತಿ ಹೆಸರುಗಳಿವೆ. ಬಿಸಿಲಲ್ಲಿ ಒಂದು ಗಂಟೆ ಹುಡುಕಿದ ಮೇಲೆ ನನ್ನ ಬುದ್ಧಿಗೆ ನನಗೇ ನಗು ಬಂತು. ಅವೆಲ್ಲ ಸತ್ತು, ಸಮಾಧಿಯೂ ಸಿಗದವರ ಹೆಸರುಗಳು. ನಮ್ಮವನು ಊರಿಗೆ ಬಂದು, ಬಾವಿ ತೋಡಿಸಿ, ಎಂಬತ್ತು ದಾಟಿಸಿದವನು ಅಲ್ವಾ!

ಬದುಕಿ ಬಂದವರನ್ನು ಹುಡುಕುವುದೇ ಕಷ್ಟ. ಜಿನೀವಾದ ರೆಡ್‌ಕ್ರಾಸ್‌ನಲ್ಲಿ ಯುದ್ಧಕೈದಿಗಳ ಕಡತಗಳಿವೆ. ಆದರೆ ಅರ್ಜಿಗಳನ್ನು ಆಗಾಗ ಮಾತ್ರ, ಅದೂ ಇಷ್ಟೇ ಅಂತ ತಗೋತಾರೆ. ಹುಟ್ಟಿದ ವರ್ಷ, ಅಪ್ಪನ ಹೆಸರು, ಪಲ್ಟನ್ ಎಲ್ಲ ಬೇಕು. ಬರೀ ಹೆಸರು ಹಿಡಿದು ಹೋದರೆ ಆಗಲ್ಲ, ಆಗಿನ ಗುಮಾಸ್ತರು ನಮ್ಮ ಹೆಸರನ್ನು ಇಂಗ್ಲಿಷಲ್ಲಿ ಹೇಗೆ ಗೀಚಿದ್ದರೋ. ಸಿಪಾಯಿ ನಂಬರ್ ಸಿಕ್ಕರೆ ಕೆಲಸ ಹಗುರ.

ಅಟ್ಟದ ಮೇಲಿನ ಹಸಿರು ಟ್ರಂಕು ನೆನಪಿದೆಯಾ? ದೊಡ್ಡಮ್ಮ ಹಳೇ ಕೌದಿ ತುಂಬಿಟ್ಟಿರುವುದು. ಅದರ ಮುಚ್ಚಳದ ಒಳಗಡೆ ಬಿಳಿ ಬಣ್ಣದಲ್ಲಿ ಅಂಕಿಗಳಿವೆ, ಅರ್ಧಕ್ಕೆ ಕ್ಯಾಲೆಂಡರ್ ಹಾಳೆ ಅಂಟಿಸಿದ್ದಾರೆ. ಕೀಳಬೇಡಿ, ಬಣ್ಣವೂ ಎದ್ದು ಬರುತ್ತದೆ. ಒದ್ದೆ ಬಟ್ಟೆ ಇಟ್ಟು ನೆನೆಸಿ, ಮೆಲ್ಲಗೆ ಬಿಡಿಸಿ, ಫೋಟೋ ತೆಗೆದು ಕಳಿಸಿ. ಕೊನೆಯದು 3 ಇತ್ತೋ 8 ಇತ್ತೋ, ನನಗೆ ನೆನಪಾಗುತ್ತಿಲ್ಲ.

ನಿಮ್ಮ
ಪುಟ್ಟ