ಮಂಗ ಬಂತೆಂದು ಹಿತ್ತಲು ಬಿಡಬೇಡಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಮಂಗನ ಕಾಟದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಆದರೆ ಲೆಕ್ಕಕ್ಕೆ ಸಿಗುವುದು ಅಡಿಕೆ, ಬಾಳೆ, ಏಲಕ್ಕಿ, ತೆಂಗು ಮಾತ್ರ. ಮನೆ ಹಿಂದೆ ಹೆಂಗಸರು ಬೆಳೆಯುತ್ತಿದ್ದ ಬೆಂಡೆ, ಅಲಸಂದೆ, ಸೌತೆಯ ಮಾತೇ ಇಲ್ಲ. ನಮ್ಮ ಸಾಗರದ ಕಡೆ ಎಷ್ಟೋ ಮನೆಯವರು "ಬೆಳೆದದ್ದೆಲ್ಲ ಮಂಗನಿಗೆ, ಯಾರಿಗೆ ಬೇಕು ಈ ಕಷ್ಟ" ಅಂತ ಹಿತ್ತಲನ್ನೇ ಹಾಳು ಬಿಟ್ಟಿದ್ದಾರೆ. ತೋಟ ಗದ್ದೆ ಇದ್ದವರ ಮನೆಗೂ ಸಂತೆಯ ಟೊಮೆಟೊ, ಕೋಸೇ ಗತಿ ಅಂದರೆ ಹೊಟ್ಟೆ ಉರಿಯುತ್ತದೆ. ಹಿತ್ತಲು ಬಿಡಬೇಡಿ, ಬೆಳೆಯುವ ಕ್ರಮ ಬದಲಿಸಿ ಅಂತ ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಹಿತ್ತಲು ಬಿಟ್ಟರೆ ಹೋಗುವುದು ಆ ವರ್ಷದ ತರಕಾರಿ ಮಾತ್ರ ಅಲ್ಲ, ಬೀಜವೂ ಹೋಗುತ್ತದೆ. ಬೂದಿಯಲ್ಲಿ ಹೊರಳಿಸಿ ಬಾಟಲಿಯಲ್ಲಿ ಕಟ್ಟಿಟ್ಟ ಮೊಗೆಕಾಯಿ ಬೀಜ, ಒಲೆಯ ಮೇಲೆ ತೂಗುಹಾಕಿದ ಹೀರೆಕಾಯಿ, ಇವೆಲ್ಲ ಕೆಲವು ವರ್ಷ ಬಿತ್ತದೇ ಇದ್ದರೆ ಮುಗಿಯಿತು, ಮತ್ತೆ ಮೊಳೆಯುವುದಿಲ್ಲ. ಶಿರಸಿಯ ವನಸ್ತ್ರೀ ಸಂಸ್ಥೆಯ ಹೆಂಗಸರು 2001ರಿಂದ ಇಂಥ ಹಿತ್ತಲ ಬೀಜಗಳನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿಕೊಂಡು ಬಂದಿದ್ದಾರೆ. ಅಂಥ ಕೆಲಸ ಒಂದೊಂದು ಊರಲ್ಲೂ ನಡೆಯಬೇಕು.

ಮೊದಲು ಬೆಳೆಯ ವಿಚಾರ. ಮಂಗ ಎಲ್ಲವನ್ನೂ ತಿನ್ನುವುದಿಲ್ಲ. ಅರಿಶಿನ, ಶುಂಠಿ, ಕೆಸು, ಸುವರ್ಣಗೆಡ್ಡೆ, ಸೂಜಿಮೆಣಸು, ಇವುಗಳ ತಂಟೆಗೆ ಅದು ಬರುವುದು ಕಡಿಮೆ. ಹಾಗಲಕಾಯನ್ನು ಒಂದು ಸಲ ಕಚ್ಚಿ ಬಿಸಾಡಬಹುದು, ಕೂತು ತಿನ್ನುವುದಿಲ್ಲ. ಬಯಲಲ್ಲಿ ಇವನ್ನು ಹಾಕಿ. ಗೆಡ್ಡೆಗೆ ಮುಳ್ಳುಹಂದಿ, ಕಾಡುಹಂದಿಯ ಭಯ ಇದೆ ನಿಜ, ಆದ್ದರಿಂದ ಅದನ್ನು ಹಿತ್ತಲ ಮೂಲೆಯಲ್ಲಿ ಹಾಕುವುದಕ್ಕಿಂತ ಮನೆಗೆ ತಾಗಿದ ಕಡೆ, ದೀಪ ಬೀಳುವ ಜಾಗದಲ್ಲಿ, ಹಳೇ ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿ ಬೆಳೆಯುವುದು ಒಳ್ಳೆಯದು. ಹಂದಿ, ಮುಳ್ಳುಹಂದಿ ಬರುವುದು ರಾತ್ರಿ, ಮಂಗ ಬರುವುದು ಹಗಲು. ಎರಡಕ್ಕೂ ಒಂದೇ ಉಪಾಯ ಸಾಲುವುದಿಲ್ಲ.

ಬೆಂಡೆ, ಸೌತೆ, ಅಲಸಂದೆ, ಹೀರೆ ಬೇಕೇ ಬೇಕು ಅಂದರೆ ಬಲೆಯೇ ಬೇಕು. ಸುತ್ತಲೂ ಬಲೆ, ಮೇಲೂ ಬಲೆ. ಅಡಿಕೆ ಮರದ ಕಂಬ ನೆಟ್ಟು ತಂತಿ ಎಳೆದು ಸಣ್ಣದೊಂದು ಕೋಣೆಯಷ್ಟು ಜಾಗ ಮುಚ್ಚಿಕೊಂಡರೂ ಒಂದು ಮನೆಯ ಪಲ್ಯ, ಹುಳಿಗೆ ಸಾಕಾಗುವಷ್ಟು ಆಗುತ್ತದೆ. ನವಿಲು ಮೊಳಕೆ ಕುಕ್ಕುವುದೂ ತಪ್ಪುತ್ತದೆ. ಬಲೆಯ ಕಣ್ಣು ತೀರಾ ಸಣ್ಣದಾದರೆ ಜೇನು ಒಳಗೆ ಬರುವುದಿಲ್ಲ, ಸೌತೆ ಮಿಡಿ ಹಳದಿಯಾಗಿ ಉದುರುತ್ತದೆ, ಜನ ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ. ಆಗ ಗಂಡು ಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿದರೆ ಆಯಿತು. ಸೌತೆಗೆ ಇದನ್ನು ಬೆಳಿಗ್ಗೆ ಮಾಡಬೇಕು. ಹೀರೆ ಹೂ ಅರಳುವುದೇ ಸಂಜೆ, ಅದಕ್ಕೆ ಹೊತ್ತು ಮುಳುಗುವಾಗ ಹೋಗಬೇಕು. ಹಳದಿ ಹೂವಿನ ಪುಡಿ ಬೆರಳಿಗೆ ಅಂಟುತ್ತದೆ, ಮರುದಿನಗಳಲ್ಲಿ ಆ ಮಿಡಿ ಉದ್ದವಾಗುವುದನ್ನು ನೋಡುವುದೇ ಒಂದು ಖುಷಿ.

ಬಲೆಯನ್ನು ಸಡಿಲವಾಗಿ ನೆಲದ ಮೇಲೆ ಬಿಡಲೇಬೇಡಿ. ಕೇರೆ ಹಾವು ಅದರಲ್ಲಿ ಸಿಕ್ಕಿಕೊಂಡು, ಮುಂದೆ ಹೋಗಲಿಕ್ಕೆ ನುಗ್ಗಿದಷ್ಟೂ ನೈಲಾನ್ ಎಳೆ ಮೈಗೆ ಕೊರೆದು, ಬಿಸಿಲಲ್ಲಿ ಒದ್ದಾಡಿ ಸಾಯುತ್ತದೆ. ಇಲಿ ಹಿಡಿಯುವ ಹಾವು ಅದು, ಹಿತ್ತಲಿಗೆ ಅದಕ್ಕಿಂತ ದೊಡ್ಡ ಉಪಕಾರಿ ಯಾರಿದ್ದಾರೆ? ಬಲೆಯ ಕೆಳಗಿನ ಅಂಚಿಗೆ ಅಡಿಕೆ ದಬ್ಬೆ ಕಟ್ಟಿ ಬಿಗಿ ಮಾಡಬೇಕು.

ಹೆದರಿಸುವ ಉಪಾಯಗಳು ಸ್ವಲ್ಪ ದಿನಕ್ಕೆ ಮಾತ್ರ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗೊಂಬೆ, ಪಟಾಕಿ, ಡಬ್ಬದ ಸದ್ದು ಯಾವುದನ್ನೂ ಮಂಗ ಜಾಸ್ತಿ ದಿನ ನಂಬುವುದಿಲ್ಲ, ಜಾಗ ಬದಲಿಸುತ್ತಾ ಇರಬೇಕು. ಹಿಡಿದು ಬೇರೆ ಕಾಡಿಗೆ ಬಿಡಿಸುವುದೂ ಪರಿಹಾರ ಅಲ್ಲ. ಆ ಕಾಡಿನ ಅಂಚಲ್ಲೂ ಒಂದು ಊರಿದೆ, ಅಲ್ವಾ? ಹಣ್ಣಿನ ಮರ ಇದ್ದ ಕಡೆ ಅಕೇಶಿಯಾ ನೆಟ್ಟು, ಘಾಟಿಯಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಎಸೆದು ಮಂಗಗಳನ್ನು ಮನೆ ಬಾಗಿಲಿಗೆ ಕರೆದವರು ನಾವೇ.

ವಿಷ ಇಡುವುದು, ಉರುಳು ಹಾಕುವುದು, ಬೇಲಿಗೆ ಮನೆಯ ಕರೆಂಟ್ ಕೊಡುವುದು ಮಾತ್ರ ಬೇಡವೇ ಬೇಡ. ಕರೆಂಟ್ ಬೇಲಿಗೆ ಮನುಷ್ಯರೇ ಸತ್ತಿದ್ದಾರೆ. ಸತ್ತ ಮಂಗನ ಬಗ್ಗೆಯೂ ಒಂದು ಎಚ್ಚರಿಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಕಾಯಿಲೆಯಿಂದ ಸತ್ತ ಮಂಗನ ಮೈಯಿಂದ ಉಣುಗು ಉದುರಿ ಸುತ್ತಲಿನವರಿಗೆ ಹತ್ತುತ್ತದೆ. ಹಿತ್ತಲಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಮಕ್ಕಳನ್ನೂ ನಾಯಿಯನ್ನೂ ಅತ್ತ ಬಿಡಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮಳೆಗಾಲದ ಆಫ್ರಿಕನ್ ಬಸವನಹುಳುವಿಗೆ ಬಲೆ ಲೆಕ್ಕಕ್ಕಿಲ್ಲ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಗುಂಪಾಗಿರುತ್ತವೆ. ಕೈಗವಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಿ ಆ ಕೈ ಬಾಯಿಗೆ ಹೋದರೆ ಅದರಲ್ಲಿರುವ ಹುಳದಿಂದ ಮಿದುಳಿಗೆ ತೊಂದರೆ ಬರುವ ಅಪಾಯ ಇದೆ. ಉಪ್ಪನ್ನು ಮಣ್ಣಿಗೆ ಮಾತ್ರ ಎರಚಬೇಡಿ, ನೆಲ ಕೆಡುತ್ತದೆ.

ಇಷ್ಟೆಲ್ಲ ಒಬ್ಬೊಬ್ಬರೇ ಮಾಡುವುದು ಕಷ್ಟ. ಒಂದು ಮನೆ ಬಲೆ ಹಾಕಿದರೆ ಮಂಗ ಪಕ್ಕದ ಮನೆಗೆ ಹೋಗುತ್ತದೆ. ಕೇರಿಯವರೆಲ್ಲ ಸೇರಿ ಬಲೆ ತರಿಸಿದರೆ ಖರ್ಚೂ ಕಡಿಮೆ. ತೋಟಗಾರಿಕೆ ಇಲಾಖೆಯವರು ಹಿತ್ತಲನ್ನೂ ತೋಟ ಅಂತ ಪರಿಗಣಿಸಿ, ರೋಹಿಣಿ ಮಳೆಗೆ ಮುಂಚೆ ಗ್ರಾಮ ಪಂಚಾಯಿತಿ ಮೂಲಕ ಸಹಾಯಧನದಲ್ಲಿ ಬಲೆ ಕೊಡಲಿ, ಜೊತೆಗೆ ಊರಿನ ಬೀಜ ಹಂಚಲಿ. ಅರ್ಜಿಗೆ ಪಹಣಿ ಕೇಳದಿರಲಿ. ಹಿತ್ತಲು ಮಾಡುವ ಎಷ್ಟೋ ಹೆಂಗಸರ ಹೆಸರು ಯಾವ ಪಹಣಿಯಲ್ಲೂ ಇಲ್ಲ.

ಇಂತಿ,
ನಿಮ್ಮ ಓದುಗಿ,
ಸಾಗರ ತಾಲ್ಲೂಕು