ಗಾಡಿಯ ಹಿಂಭಾರ

ಮ್ಯೂನಿಕ್

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ನೀವು, ಅವ್ವ ಕ್ಷೇಮವೆಂದು ನಂಬಿದ್ದೇನೆ.

ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ನಮ್ಮ ಮೋಟಾರ್‌ಹೋಮ್‌ನ ಹಿಂದೆ ಸೈಕಲ್‌ ಕಟ್ಟಿದ ಫೋಟೊ ನೋಡಿ, ಗಾಡಿ ಹಿಂಭಾರ ಆಗೋದಿಲ್ವೇನೋ ಎಂದು ನೀವು ಫೋನಿನಲ್ಲಿ ಕೇಳಿದಿರಿ. ಆಗುತ್ತದೆ ಅಪ್ಪಾಜಿ, ಮೊದಲ ಪ್ರವಾಸದಲ್ಲಿ ಆಗಿಯೇ ಇತ್ತು. ಅದನ್ನು ಫೋನಿನಲ್ಲಿ ವಿವರಿಸಲಾಗಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮಾಯಕೊಂಡದ ಕಡೆಯಿಂದ ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ಹೇರುವಾಗ ನೀವು ಕೊನೆಯ ಎರಡು ಚೀಲಗಳನ್ನು ಯಾವಾಗಲೂ ಮುಂದಕ್ಕೆ ಎಳೆಸುತ್ತಿದ್ದಿರಿ. ಭಾರ ಹಿಂದಾದರೆ ನೊಗ ಮೇಲೆದ್ದು ಎತ್ತುಗಳ ಕೊರಳಪಟ್ಟಿ ಬಿಗಿಯುತ್ತದೆ ಎನ್ನುತ್ತಿದ್ದಿರಿ. ಇಲ್ಲಿಯೂ ಲೆಕ್ಕ ಅದೇ. ನಮ್ಮ ಗಾಡಿಯ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 4 ಮೀಟರ್ ಅಂತರವಿದೆ, ಸೈಕಲ್‌ಗಳು ನಿಲ್ಲುವುದು ಹಿಂದಿನ ಅಚ್ಚಿನಿಂದ ಇನ್ನೂ 2.4 ಮೀಟರ್ ಆಚೆಗೆ. ಬ್ಯಾಟರಿಯ ಎರಡು ಸೈಕಲ್‌ಗಳು ಮತ್ತು ಅವನ್ನು ಹೊರುವ ಚೌಕಟ್ಟು ಸೇರಿ 60 ಕಿಲೋ. ಆದರೆ ಹಿಂದಿನ ಅಚ್ಚಿನ ಮೇಲೆ ಬೀಳುವುದು 96 ಕಿಲೋ, ಏಕೆಂದರೆ ಮುಂದಿನ ಅಚ್ಚಿನಿಂದ 36 ಕಿಲೋ ಎತ್ತಿ ಹಿಂದಕ್ಕೆ ಹಾಕಿದಂತಾಗುತ್ತದೆ.

ಅಷ್ಟೂ ಸಾಲದೆಂಬಂತೆ ನಾನು ಹಿಂದೆ ಒಂದು ಪೆಟ್ಟಿಗೆಯನ್ನೂ ಕೂರಿಸಿ, ಮಡಿಸುವ ಮೇಜು, ಕುರ್ಚಿ, ಹೆಚ್ಚುವರಿ ಹಗ್ಗ ಎಲ್ಲವನ್ನೂ ತುಂಬಿದ್ದೆ. ಹೆದ್ದಾರಿಯಲ್ಲಿ ಸ್ಟೀರಿಂಗ್ ಹಗುರವಾಗಿ, ಚಕ್ರ ನೆಲ ಹಿಡಿದಿದೆಯೋ ಇಲ್ಲವೋ ಎನ್ನುವಂತಿತ್ತು. ನಮ್ಮದು ಮುಂದಿನ ಚಕ್ರಗಳೇ ಎಳೆಯುವ ಗಾಡಿಯಾದ್ದರಿಂದ, ಮಳೆ ಬಿದ್ದ ಹುಲ್ಲಿನ ಮೇಲಿಂದ ಬೆಳಿಗ್ಗೆ ಹೊರಡಲು ಹೋದರೆ ಆ ಚಕ್ರಗಳು ನಿಂತಲ್ಲೇ ಸುತ್ತಿ ಕೆಸರು ಹಾರಿಸಿದವು. ಮ್ಯೂನಿಕ್‌ಗೆ ಮರಳಿದವನೇ ವೇ ಬ್ರಿಡ್ಜ್‌ಗೆ ಹೋಗಿ ಒಂದೊಂದು ಅಚ್ಚನ್ನೂ ಬೇರೆಬೇರೆ ತೂಗಿಸಿದೆ. ಒಟ್ಟು ತೂಕ ನನ್ನ ಲೈಸೆನ್ಸಿನ ಮಿತಿಯಾದ 3,500 ಕಿಲೋ ಒಳಗೇ ಇತ್ತು; ಹಿಂದಿನ ಅಚ್ಚು ಮಾತ್ರ, ಹೆಚ್ಚೆಂದರೆ 2,000 ಕಿಲೋ ಇರಬೇಕಾದದ್ದು, 2,070 ತೋರಿಸಿತು. ಒಟ್ಟು ತೂಕವನ್ನಷ್ಟೇ ನೋಡಿ ನೆಮ್ಮದಿಯಾಗಿದ್ದದ್ದು ನನ್ನ ದೊಡ್ಡ ತಪ್ಪು.

ಪೆಟ್ಟಿಗೆಯನ್ನು ಬಿಚ್ಚಿ ಹಾಕಿದೆ. ಬೇಕಾದ ಸಾಮಾನು ಈಗ ಎರಡು ಅಚ್ಚುಗಳ ನಡುವೆ, ಆಸನದ ಕೆಳಗಿದೆ. ನೀರಿನ ಟ್ಯಾಂಕನ್ನು ತುಂಬಿಸಿಕೊಂಡು ಓಡಾಡುವುದಿಲ್ಲ, ತಲುಪಿದ ಮೇಲೆ ತುಂಬಿಸುತ್ತೇವೆ. ಸೈಕಲ್‌ಗಳ ಬ್ಯಾಟರಿಗಳನ್ನು ಕಳಚಿ ಒಳಗಿಡುತ್ತೇವೆ.

ಕಟ್ಟುವ ಕೆಲಸವನ್ನು ನೀವು ನೋಡಿದ್ದರೆ ಮೆಚ್ಚುತ್ತಿದ್ದಿರಿ. ಭಾರದ ಸೈಕಲ್ ಗೋಡೆಗೆ ಹತ್ತಿರ, ಹಗುರವಾದದ್ದು ಹೊರಗೆ. ಒಂದರ ಹ್ಯಾಂಡಲ್ ಎಡಕ್ಕಿದ್ದರೆ ಇನ್ನೊಂದರದು ಬಲಕ್ಕೆ. ಒಂದರ ಪೆಡಲ್ ಇನ್ನೊಂದರ ಕಡ್ಡಿಗಳಿಗೆ ತಾಗುವ ಕಡೆ ಹಳೆಯ ಟವೆಲ್ ಸುತ್ತುತ್ತೇನೆ. ಪಟ್ಟಿಯನ್ನು ಬಿಗಿಯುವಾಗ ಒಂದು ಸುತ್ತು ತಿರುಚಿದರೆ ಗಾಳಿಗೆ ಅದು ಗುಂಯ್‌ಗುಡುವುದಿಲ್ಲ. ಚೌಕಟ್ಟಿನ ಬೋಲ್ಟುಗಳು ಹಿಂದಿನ ಗೋಡೆಯನ್ನು ತೂರಿ ಹೋಗಿರುವುದರಿಂದ ಆ ತೂತುಗಳ ಸುತ್ತ ಒಳಗಡೆ ತೇವ ಬಂದಿದೆಯೇ ಎಂದು ಪ್ರತಿ ಮಳೆಯ ನಂತರ ಬೆರಳಾಡಿಸಿ ನೋಡುತ್ತೇನೆ. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ, ನೀವು ಮಿಣಿ ಎಳೆದು ನೋಡುತ್ತಿದ್ದ ಹಾಗೆ ಎಲ್ಲ ಪಟ್ಟಿಗಳನ್ನೂ ಎಳೆದು ನೋಡುವುದು ಈಗ ತಪ್ಪದ ರೂಢಿ. ಅಷ್ಟರೊಳಗೆ ಅವು ಸ್ವಲ್ಪ ಸಡಿಲವಾಗಿಯೇ ಇರುತ್ತವೆ.

ಇಟಲಿಗೆ ಹೋಗುವಾಗ ಸೈಕಲ್‌ಗಳ ಹಿಂದೆ 50 ಸೆಂಟಿಮೀಟರ್ ಚೌಕದ, ಬೆಳಕಿಗೆ ಹೊಳೆಯುವ ಕೆಂಪು ಬಿಳಿ ಪಟ್ಟೆಗಳ ಫಲಕವನ್ನೂ ಕಟ್ಟಬೇಕು. ದೀಪಗಳು, ನಂಬರ್ ಪ್ಲೇಟು ಮರೆಯಾಗದಂತೆ ನೋಡಿಕೊಂಡಿದ್ದೇನೆ.

ನೀವು, ಅವ್ವ ಬೇಸಿಗೆಯಲ್ಲಿ ಬಂದಾಗ ಗಾಡಿಯಲ್ಲಿ ನಾಲ್ವರಾಗುತ್ತೇವೆ, ನಿಮ್ಮ ಚೀಲಗಳೂ ಇರುತ್ತವೆ. ಆದ್ದರಿಂದ ಆ ಪ್ರವಾಸಕ್ಕೆ ಸೈಕಲ್‌ಗಳನ್ನೂ ಚೌಕಟ್ಟನ್ನೂ ಇಳಿಸಿ ಮನೆಯಲ್ಲೇ ಬಿಡುತ್ತೇವೆ. ಹೊರಡುವ ಮೊದಲು ನಿಮ್ಮನ್ನೂ ಕೂರಿಸಿಕೊಂಡೇ ವೇ ಬ್ರಿಡ್ಜ್‌ಗೆ ಹೋಗೋಣ, ಅಚ್ಚಿನ ತೂಕವನ್ನು ನೀವೇ ಓದಿ ಹೇಳಿ.

ಅವ್ವನಿಗೆ ನನ್ನ ನಮಸ್ಕಾರಗಳು.

ಇಂತಿ ನಿಮ್ಮ ಪ್ರೀತಿಯ ಮಗ