ಆ ‘ಕುಗ್ರಾಮ’ವನ್ನು ತೆಗೆ

ಪ್ರೀತಿಯ ತಮ್ಮಾ,

ನಿನ್ನ ಅನುವಾದ ತಲುಪಿತು. ಎರಡು ಸಲ ಓದಿದೆ. ಮಾತುಕತೆಗಳು ಚೆನ್ನಾಗಿ ಬಂದಿವೆ. ನನ್ನ ತಕರಾರು ಒಂದೇ ಪದದ ಮೇಲೆ. ಆ ಮುದಿ ಅಮೆರಿಕನ್ ಸೈನಿಕ ‘ಬೂನ್‌ಡಾಕ್ಸ್’ ಅಂದ ಕಡೆಯೆಲ್ಲ ನೀನು ‘ಕುಗ್ರಾಮ’ ಅಂತ ಬರೆದಿದ್ದೀಯ. ನಿಘಂಟು ನೋಡಿಯೇ ಬರೆದಿರುತ್ತೀಯ, ಗೊತ್ತು. ಆದರೆ ಆ ಪದ ಎಲ್ಲಿಂದ ಬಂತು ಅಂತ ನೋಡಿದ್ದೀಯಾ?

ಅದು ಹುಟ್ಟಾ ಇಂಗ್ಲಿಷ್ ಪದ ಅಲ್ಲ. ಫಿಲಿಪೀನ್ಸ್‌ನ ತಗಾಲೋಗ್ ಭಾಷೆಯ ‘ಬುಂಡೋಕ್’. ಅರ್ಥ ಬೆಟ್ಟ, ಅಷ್ಟೇ. 1898ರಲ್ಲಿ ಅಮೆರಿಕ ಸ್ಪೇನ್‌ಗೆ 2 ಕೋಟಿ ಡಾಲರ್ ಕೊಟ್ಟು ಆ ದ್ವೀಪಗಳನ್ನು ತನ್ನದು ಮಾಡಿಕೊಂಡಿತು. ಅಲ್ಲಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. 1899ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು. ಬಯಲಲ್ಲಿ ಎದುರಾಎದುರು ನಿಂತರೆ ಉಳಿಗಾಲವಿಲ್ಲ ಅಂತ ಗೊತ್ತಾದ ಮೇಲೆ ಫಿಲಿಪಿನೋಗಳ ನಾಯಕ ಅಗಿನಾಲ್ಡೊ ಕಡೆಯವರು ಸಣ್ಣ ಸಣ್ಣ ಗುಂಪಾಗಿ ಚದುರಿದರು. ಗೆರಿಲ್ಲಾ ದಾರಿ ಹಿಡಿದರು, ಬೆಟ್ಟ ಸೇರಿದರು. ಹಿಂದೆ ಹೋದ ಅಮೆರಿಕನ್ ಹುಡುಗರಿಗೆ ದಾರಿ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಗುಂಡು ಯಾವ ಮರದ ಹಿಂದಿನಿಂದ ಬರುತ್ತದೋ ಅದೂ ಗೊತ್ತಿಲ್ಲ. ಅವರ ಬಾಯಲ್ಲಿ ‘ಬೆಟ್ಟ’ ಅನ್ನೋ ಪದ ‘ದಿಕ್ಕೇ ತಿಳಿಯದ ಜಾಗ’ ಆಗಿಬಿಟ್ಟಿತು. ಕೊನೆಗೊಂದು ‘ಸ್’ ಅಂಟಿಕೊಂಡಿತು.

ಆಮೇಲೆ ಆ ಪದ ಅಮೆರಿಕದ ಮೆರೀನ್ ಪಡೆಯ ಮಾತಲ್ಲಿ ಬೆಳೆಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಕಾಡುಮೇಡಿನಲ್ಲಿ ತೊಡುವ ಬೂಟಿಗೇ ‘ಬೂನ್‌ಡಾಕರ್ಸ್’ ಅನ್ನುತ್ತಿದ್ದರು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಪದ ಸವೆದು ‘ಬೂನೀಸ್’. ಈಗ ಅಮೆರಿಕದವರು ತಮ್ಮದೇ ದೇಶದ ಮೂಲೆ ಊರುಗಳಿಗೆ ಅದನ್ನು ಹೇಳುತ್ತಾರೆ. ಎಷ್ಟು ಜನಕ್ಕೆ ಅದರೊಳಗಿನ ಬೆಟ್ಟ ಕಾಣುತ್ತದೋ!

ಹಾಗಂತ ತಗಾಲೋಗ್‌ನವರು ಮುಗ್ಧರು ಅಂದುಕೊಳ್ಳಬೇಡ. ‘ತಗಾ-ಬುಂಡೋಕ್’ ಅಂದರೆ ಬೆಟ್ಟದವನು. ‘ಹಳ್ಳಿ ಗುಗ್ಗು’ ಅಂತ ನಾವು ಹೀಗಳೆಯುತ್ತೇವಲ್ಲ, ಅವರೂ ಅದನ್ನು ಹಾಗೇ ಬಳಸುತ್ತಾರೆ. ಅದೇ ಬೇರಿನ ‘ಮಮುಂಡೋಕ್’ ಅಂದರೆ ಬೆಟ್ಟಕ್ಕೆ ಹೋಗುವುದು. ಬಂಡುಕೋರರ ಜೊತೆ ಸೇರುವುದಕ್ಕೂ ಅದೇ ಮಾತು. ನೋಡು, ಒಂದೇ ಬೆಟ್ಟ. ಒಬ್ಬನಿಗೆ ನಗೆ, ಒಬ್ಬನಿಗೆ ಅಡಗುದಾಣ, ಇನ್ನೊಬ್ಬನಿಗೆ ಹೆದರಿಕೆ.

ನಿನ್ನ ‘ಕುಗ್ರಾಮ’ದಲ್ಲಿ ಇದೆಲ್ಲ ಎಲ್ಲಿದೆ? ಅದರಲ್ಲಿರುವ ‘ಕು’ ಕುರೂಪ, ಕುತಂತ್ರದಲ್ಲಿರುವ ‘ಕು’ನೇ. ಅದು ಊರನ್ನು ಬಯ್ಯುತ್ತದೆ. ಸೈನಿಕ ಬಯ್ಯುತ್ತಿಲ್ಲ, ಅವನು ಕಳೆದುಹೋಗಿದ್ದಾನೆ.

ಈ ತಪ್ಪು ನಾನೂ ಮಾಡಿದ್ದೇನೆ. ನಿನ್ನ ವಯಸ್ಸಲ್ಲಿ ಒಂದು ಲೇಖನದಲ್ಲಿ ನಮ್ಮ ಅತ್ತೆಯ ಊರನ್ನು ‘ದೂರದ ಕುಗ್ರಾಮ’ ಅಂತ ಬರೆದಿದ್ದೆ. ಮುಂದಿನ ಸಲ ಹೋದಾಗ ಅತ್ತೆ ಕಾಫಿ ಕೈಗಿಟ್ಟು, “ದೂರ ನಿಂಗೆ ಕಣೋ. ನಮ್ ಗದ್ದೆಗೆ ಹತ್ರಾನೇ ಇದೆ” ಅಂದರು. ಕಾಫಿ ಇಳಿಯಲಿಲ್ಲ.

‘ಮೊಫಸಿಲ್’ ಪದವೂ ಇಂಥದ್ದೇ ಅಲ್ವಾ? ಅರಬ್ಬಿ ಮೂಲದಲ್ಲಿ ‘ಬೇರೆ ಮಾಡಿದ್ದು’ ಅಂತ ಅರ್ಥ. ಬ್ರಿಟಿಷರಿಗೆ ಕಲ್ಕತ್ತಾ, ಬಾಂಬೆ, ಮದ್ರಾಸ್ ಬಿಟ್ಟರೆ ಮಿಕ್ಕಿದ್ದೆಲ್ಲ ಮೊಫಸಿಲ್ಲು. ಬಾಂಬೆ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡವೂ!

ಹಾಗಾಗಿ ದೂರ ಹೇಳುವ ಪದ ಬಂದಾಗ ಒಂದು ಸಲ ನಿಲ್ಲು. ಮಾತಾಡುತ್ತಿರುವವನು ಎಲ್ಲಿ ನಿಂತಿದ್ದಾನೆ ಅಂತ ಕೇಳಿಕೋ. ಸೈನಿಕನ ಬಾಯಿಗೆ ‘ದಿಕ್ಕುದೆಸೆ ಇಲ್ಲದ ಬೆಟ್ಟದ ಸಂದಿ’ ಅಂತ ಏನಾದರೂ ಹಾಕಿ ನೋಡು. ಉದ್ದ ಆಯಿತು ಅನಿಸಿದರೆ ‘ಬೆಟ್ಟದ ಸಂದಿ’ ಸಾಕು. ‘ರಿಮೋಟ್ ಜಾಗ’ ಅಂತ ಮಾತ್ರ ಬರೆಯಬೇಡ. ನಮ್ಮವರು ಸೋಫಾ ಸಂದಿಯಲ್ಲಿ ಹುಡುಕಲು ಶುರುಮಾಡುತ್ತಾರೆ.

ಕೊನೆಯ ಪುಟದಲ್ಲಿ ಆ ಫಿಲಿಪಿನೋ ಮುದುಕಿ ಕೈ ತೋರಿಸುತ್ತಾಳಲ್ಲ, ಅಲ್ಲಿ ಸುಮ್ನೆ ‘ಬೆಟ್ಟ’ ಅಂತ ಇಡು. ತಿದ್ದಿದ ಮೇಲೆ ಕಳಿಸು.

ಇಂತಿ,
ನಿನ್ನ ಅಣ್ಣ